ಮುರಿಯುವುದಕ್ಕೆಂದೇ ಮಾಡಿದ ಸ್ಕ್ರೂ: ಕಿರುಗುಟ್ಟುವ ಮಹಡಿಗೆ ತಂದ ಒಂದು ಕಿಟ್‌ನ ವಿಮರ್ಶೆ

ಅಮೆರಿಕದ ನಾರ್ತ್ ಕ್ಯಾರೊಲಿನಾದ ಕ್ಯಾರಿ ಊರಿನಲ್ಲಿ ನಾವು ಕೊಂಡ ಹೊಸ ಮನೆಗೆ ಈಗ ನಾಲ್ಕು ವರ್ಷ ತುಂಬಿದೆ. ಮೇಲ್ಮಹಡಿಯಲ್ಲಿ ನಾಲ್ಕು ಮಲಗುವ ಕೋಣೆಗಳಿವೆ, ಅವುಗಳ ನಡುವೆ ಒಂದು ಓಣಿಯಿದೆ, ಬಚ್ಚಲುಮನೆಗಳನ್ನು ಬಿಟ್ಟರೆ ಎಲ್ಲ ಕಡೆಯೂ ಕಾರ್ಪೆಟ್ ಹಾಸಿದೆ. ಎರಡನೆಯ ಚಳಿಗಾಲದಲ್ಲಿ ಓಣಿಯ ಒಂದೆರಡು ಕಡೆ ಕೇಳಿಸತೊಡಗಿದ ಕಿರ್ ಸದ್ದು ಮೂರನೆಯ ಚಳಿಗಾಲದ ಹೊತ್ತಿಗೆ ಎಲ್ಲ ಕೋಣೆಗಳಿಗೂ ಹರಡಿತು. ತೀರ್ಥಹಳ್ಳಿಯಿಂದ ಆರು ತಿಂಗಳಿಗೆಂದು ಬಂದಿದ್ದ ಅಮ್ಮ ನಸುಕಿನ ಐದಕ್ಕೆ ಎದ್ದು ಸ್ನಾನಕ್ಕೆ ಹೊರಟರೆ ಹತ್ತು ತಿಂಗಳ ಮಗುವಿನಿಂದ ಹಿಡಿದು ಮನೆಮಂದಿಗೆಲ್ಲ ಎಚ್ಚರವಾಗುತ್ತಿತ್ತು. ಕಾರ್ಪೆಟ್ ಎತ್ತದೆ, ಮೇಲಿನಿಂದಲೇ ಸ್ಕ್ರೂ ಹೊಡೆದು ಸದ್ದನ್ನು ನಿಲ್ಲಿಸಲೆಂದು ಮಾಡಿರುವ ‘ಸ್ಕ್ವೀಕ್ ನೋ ಮೋರ್’ ಎಂಬ ಕಿಟ್ಟನ್ನು ನಾನು ತರಿಸಿದ್ದು ಆಗ. ಅದನ್ನು ಬಳಸಿ ಒಂದು ಪೂರ್ಣ ವರ್ಷ ಕಳೆದಿರುವುದರಿಂದ, ಬೇಸಿಗೆಯ ಸೆಕೆಯಲ್ಲೂ ಚಳಿಗಾಲದ ಒಣಹವೆಯಲ್ಲೂ ಅದು ಹೇಗೆ ನಿಂತಿತೆಂದು ಹೇಳಲು ಈಗ ಸಾಧ್ಯವಾಗಿದೆ.

ಊರಿನಲ್ಲಿ ಕಾಂಕ್ರೀಟ್ ಚಾವಣಿಯ ಮೇಲೆ ನಡೆದು ಬೆಳೆದವರಿಗೆ ಹೊಸ ಮನೆ ಕಿರುಗುಟ್ಟುತ್ತದೆ ಎಂದರೆ ಎಲ್ಲೋ ಬಿರುಕು ಬಿಟ್ಟಿರಬೇಕೆಂಬ ಭಯ ಹುಟ್ಟುತ್ತದೆ. ಇಲ್ಲಿನ ಮಹಡಿಯ ಕಟ್ಟಡವೇ ಬೇರೆ. ಕೆಳಗಿನ ಗೋಡೆಗಳ ಮೇಲೆ 16 ಇಂಚಿಗೊಂದರಂತೆ ಮರದ ಜಂತಿಗಳನ್ನು ಸಾಲಾಗಿ ನಿಲ್ಲಿಸುತ್ತಾರೆ. ಅವುಗಳಿಗೆ ‘ಎರಡು-ಹತ್ತು’ ಎಂದು ಹೆಸರಿದ್ದರೂ ಅಳತೆಪಟ್ಟಿ ಹಿಡಿದರೆ ದಪ್ಪ ಸಿಗುವುದು ಒಂದೂವರೆ ಇಂಚು ಮಾತ್ರ, ಎತ್ತರ ಒಂಬತ್ತೂಕಾಲು ಇಂಚು. ಅದರ ಮೇಲೆ, ಮರದ ಚಕ್ಕೆಗಳನ್ನು ಅಂಟಿನಲ್ಲಿ ಒತ್ತಿ ಮಾಡಿದ, ಮುಕ್ಕಾಲು ಇಂಚಿಗೆ ತುಸು ಕಡಿಮೆ ದಪ್ಪದ ಓಎಸ್‌ಬಿ ಹಲಗೆಗಳನ್ನು ಅಂಟು ಸವರಿ ಮೊಳೆ ಹೊಡೆದು ಕೂರಿಸುತ್ತಾರೆ. ಒಣಗಿಸಿದ್ದೆಂದು ಮುದ್ರೆ ಬಿದ್ದು ಬರುವ ಜಂತಿಯಲ್ಲೂ ಶೇಕಡಾ 19ರವರೆಗೆ ತೇವವಿರಬಹುದು. ಮನೆ ಕಟ್ಟುವಾಗ ಮಳೆ ಬಿದ್ದರೆ ಅದು ಇನ್ನೂ ಹೆಚ್ಚುತ್ತದೆ, ಮುಂದೆ ಹೀಟರಿನ ಬಿಸಿಗಾಳಿಗೆ ವರ್ಷ ಎರಡು ವರ್ಷ ಒಣಗುತ್ತ ಮರ ಕುಗ್ಗುತ್ತದೆ. ಜಂತಿ ಕುಗ್ಗಿ ಹಲಗೆ ಅಲ್ಲೇ ಉಳಿದಾಗ ಎರಡರ ನಡುವೆ ಕೂದಲೆಳೆಯಷ್ಟು ಸಂದು ಬೀಳುತ್ತದೆ. ಕಾಲಿಟ್ಟಾಗ ಹಲಗೆ ತಗ್ಗಿ, ಎತ್ತಿದಾಗ ಮೇಲೆದ್ದು, ಮೊಳೆಯ ಮೈಗೆ ಉಜ್ಜಿಕೊಳ್ಳುತ್ತದೆ. ಸದ್ದು ಹುಟ್ಟುವುದು ಹೆಚ್ಚಾಗಿ ಈ ಉಜ್ಜಾಟದಿಂದ. ಸವರಿದ ಅಂಟು ಹಲಗೆ ಬಂದು ಕೂರುವ ಮೊದಲೇ ಕೆನೆಗಟ್ಟಿದ್ದರೆ, ಅಥವಾ ಅವಸರದಲ್ಲಿ ಹೊಡೆದ ಮೊಳೆ ಜಂತಿಗೆ ತಾಗದೆ ಪಕ್ಕಕ್ಕೆ ಜಾರಿದ್ದರೆ ಈ ಕಥೆ ಇನ್ನೂ ಬೇಗ ಶುರುವಾಗುತ್ತದೆ. ಮನೆ ಬೀಳುವ ಲಕ್ಷಣ ಇದಲ್ಲವಾದರೂ ನಸುಕಿನ ಐದಕ್ಕೆ ಎದ್ದು ಕೂರುವ ಮಗುವಿಗೆ ಅದು ಸಮಾಧಾನವಾಗುವುದಿಲ್ಲ.

ಕಿಟ್ಟಿನ ಮಾತಿಗೆ ಹೋಗುವ ಮೊದಲು ಅಮ್ಮನ ಕಿವಿಯ ಬಗ್ಗೆ ಹೇಳಬೇಕು, ಏಕೆಂದರೆ ಈ ಕೆಲಸದ ಅರ್ಧ ಶ್ರೇಯಸ್ಸು ಅದಕ್ಕೇ ಸಲ್ಲುತ್ತದೆ. ಅವಳು ಬೆಳೆದ ಮನೆಯಲ್ಲಿ ಅಡಿಕೆ ಕೂಡಿಡುತ್ತಿದ್ದ ಮರದ ಅಟ್ಟವಿತ್ತು, ಯಾವ ಹಲಗೆ ತುಳಿದರೆ ಕೆಳಗೆ ಮಲಗಿದ ಹಿರಿಯರಿಗೆ ಎಚ್ಚರವಾಗುತ್ತದೆ ಎಂಬುದು ಅಲ್ಲಿನ ಮಕ್ಕಳಿಗೆಲ್ಲ ಬಾಯಿಪಾಠವಾಗಿತ್ತು. “ಎಲ್ಲ ಒಂದೇ ಸದ್ದಲ್ಲ ಮಾರಾಯ, ಸರಿಯಾಗಿ ಕೇಳು” ಎಂದು ಅವಳು ನನ್ನನ್ನು ಓಣಿಯಲ್ಲಿ ನಿಲ್ಲಿಸಿ ತಾನು ನಡೆದು ತೋರಿಸಿದಳು. ಕಾಲಿಟ್ಟ ಕ್ಷಣಕ್ಕೇ ಕಾಲಡಿಯಲ್ಲೇ ಕಿರ್ ಎನ್ನುವುದು ಒಂದು ಬಗೆ. ಕೋಣೆಯ ನಡುವೆ ನಡೆದರೆ ಗೋಡೆಯ ಬುಡದಲ್ಲಿ ಟಕ್ ಎನ್ನುವುದು ಇನ್ನೊಂದು ಬಗೆ. ಯಾರೂ ನಡೆಯದಿದ್ದರೂ ಹೀಟರ್ ಶುರುವಾದ ಎರಡು ನಿಮಿಷಕ್ಕೆ ಟಿಕ್ ಟಿಕ್ ಎನ್ನುವುದು ಮತ್ತೊಂದು. ಮೂರನೆಯದು ನೆಲದ್ದೇ ಅಲ್ಲ, ಬಿಸಿಗಾಳಿ ಒಯ್ಯುವ ತಗಡಿನ ಕೊಳವೆ ಹಿಗ್ಗುವ ಸದ್ದು. ಎರಡನೆಯದು ಜಂತಿಯ ತುದಿ ಕೂತಿರುವ ಲೋಹದ ತೊಟ್ಟಿಲಿನಲ್ಲಿ ಮರ ಅಲುಗುವುದರಿಂದ ಬರುವಂಥದ್ದು. ಈ ಕಿಟ್ ಗುಣಪಡಿಸಬಲ್ಲದ್ದು ಮೊದಲನೆಯದನ್ನು ಮಾತ್ರ. ಈ ವ್ಯತ್ಯಾಸ ತಿಳಿಯದೆ ಕೊಂಡವರು ನಿರಾಶರಾದರೆ ಆಶ್ಚರ್ಯವಿಲ್ಲ. ಮೊದಲ ಬಗೆಯ ಸದ್ದು ಬಂದ ಕಡೆಯೆಲ್ಲ ಅಮ್ಮ ನೀಲಿ ಟೇಪಿನ ತುಂಡು ಅಂಟಿಸಿದಳು. ಒಟ್ಟು 22 ತುಂಡುಗಳಾದವು.

ಬೇರೆ ದಾರಿಗಳನ್ನು ಪ್ರಯತ್ನಿಸಲಿಲ್ಲವೆಂದಲ್ಲ. ಮನೆ ಕಟ್ಟಿದ ಸಂಸ್ಥೆ ಕೆಲಸದ ದೋಷಗಳಿಗೆ ಕೊಟ್ಟಿದ್ದ ವಾರಂಟಿ ಒಂದು ವರ್ಷದ್ದು. ಸದ್ದು ಜೋರಾಗುವ ಹೊತ್ತಿಗೆ ಆ ಅವಧಿ ಮುಗಿದಿತ್ತು, ಹತ್ತು ವರ್ಷದ ವಾರಂಟಿ ಕಟ್ಟಡದ ಬಲಕ್ಕೆ ಮಾತ್ರ ಸಂಬಂಧಿಸಿದ್ದು ಎಂದು ಅವರು ವಿನಯದಿಂದಲೇ ತಿಳಿಸಿದರು. ಹೊಸ ಮನೆ ಕೊಂಡವರು ಹನ್ನೊಂದನೆಯ ತಿಂಗಳಲ್ಲಿ ಒಮ್ಮೆ ಬರಿಗಾಲಿನಲ್ಲಿ ಮಹಡಿಯ ಮೂಲೆಮೂಲೆ ತುಳಿದು, ಸದ್ದು ಬಂದ ಜಾಗಗಳನ್ನು ಬರೆದುಕೊಡುವುದು ಒಳ್ಳೆಯದು. ನಾನು ಗೋಡೆಯ ಬಣ್ಣದ ಕಲೆಗಳನ್ನು ಬರೆದುಕೊಟ್ಟೆನೇ ಹೊರತು ನೆಲವನ್ನು ತುಳಿಯಲಿಲ್ಲ. ಆಮೇಲೆ ವಿಚಾರಿಸಿದ ಒಬ್ಬ ಕಂಟ್ರಾಕ್ಟರ್ ಕಾರ್ಪೆಟ್ ಎತ್ತಿ, ಎಲ್ಲ ಜಂತಿಗಳ ಉದ್ದಕ್ಕೂ ಸ್ಕ್ರೂ ಹೊಡೆದು, ಕಾರ್ಪೆಟ್ಟನ್ನು ಮತ್ತೆ ಎಳೆದು ಕೂರಿಸಲು 1,400 ಡಾಲರ್ ಕೇಳಿದ. ಕೆಲಸ ನೋಡಿದರೆ ಅನ್ಯಾಯದ ಬೆಲೆಯಲ್ಲ, ಆದರೆ ಮಂಚ ಬೀರುಗಳನ್ನೆಲ್ಲ ಹೊರಗಿಟ್ಟು ಎರಡು ದಿನ ಮಗುವಿನೊಂದಿಗೆ ಎಲ್ಲಿರುವುದೆಂಬುದು ತೋಚಲಿಲ್ಲ. ಕೆಳಗಿನಿಂದ ಸರಿಪಡಿಸೋಣವೆಂದರೆ ಕೆಳಮನೆಯ ಚಾವಣಿಗೆ ಡ್ರೈವಾಲ್, ಅಂದರೆ ಜಿಪ್ಸಮ್ ಹಲಗೆ, ಮುಚ್ಚಿದೆ. ಮುಚ್ಚದ ನೆಲಮಾಳಿಗೆಯಿದ್ದರೆ ಸಂದಿಗೆ ಅಂಟು ಸವರಿದ ತೆಳು ಮರದ ಬೆಣೆ ತೂರಿಸುವುದೇ ಅತ್ಯುತ್ತಮ ಉಪಾಯ.

ಇನ್ನು ಕಿಟ್. ಸುಮಾರು 30 ಡಾಲರಿಗೆ ಬಂದ ಪೆಟ್ಟಿಗೆಯಲ್ಲಿ 50 ಸ್ಕ್ರೂ, ಡ್ರಿಲ್ಲಿಗೆ ಹಾಕುವ ಚೌಕ ಮೂತಿಯ ಬಿಟ್, ಜಂತಿ ಹುಡುಕುವ ಒಂದು ಕಡ್ಡಿ, ಮೂರು ಕಾಲಿನ ಒಂದು ಪ್ಲಾಸ್ಟಿಕ್ ಗೂಡು ಇರುತ್ತವೆ. ಡ್ರಿಲ್ ನಮ್ಮದೇ ಇರಬೇಕು. ಜಾಣತನವೆಲ್ಲ ಇರುವುದು ಸ್ಕ್ರೂವಿನ ಮೈಮೇಲೆ, ತಲೆಗಿಂತ ಸ್ವಲ್ಪ ಕೆಳಗೆ ಸುತ್ತಲೂ ಕೊರೆದ ಒಂದು ಗೆರೆಯಲ್ಲಿ. ಮೂರು ಕಾಲಿನ ಗೂಡನ್ನು ಕಾರ್ಪೆಟ್ಟಿನ ಮೇಲೆ ಒತ್ತಿ ನಿಲ್ಲಿಸಿ, ಅದರ ನಡುವಿನ ತೂತಿನಿಂದ ಸ್ಕ್ರೂ ಹೊಡೆದರೆ ನಿಗದಿತ ಆಳಕ್ಕೆ ಹೋದ ಮೇಲೆ ಬಿಟ್ ಗೂಡಿಗೆ ತಾಗಿ ನಿಲ್ಲುತ್ತದೆ. ಆಗ ಗೆರೆಯಿರುವ ಭಾಗ ಹಲಗೆಯ ಮೇಲ್ಮೈಗಿಂತ ತುಸು ಒಳಗೆ ಸೇರಿರುತ್ತದೆ. ಮತ್ತೆ ಅದೇ ಗೂಡಿನ ಪಕ್ಕದಲ್ಲಿರುವ ಹಲ್ಲಿಗೆ ಸ್ಕ್ರೂವಿನ ತಲೆ ಸಿಕ್ಕಿಸಿ ಅತ್ತಿತ್ತ ಅಲುಗಿಸಿದರೆ ಟಕ್ಕನೆ ಮುರಿದು ತಲೆ ಕೈಗೆ ಬರುತ್ತದೆ, ಮೈ ಮರದಲ್ಲಿ ಉಳಿಯುತ್ತದೆ. ಕಾರ್ಪೆಟ್ಟಿನ ಎಳೆಗಳನ್ನು ಬೆರಳಿನಿಂದ ಸವರಿದರೆ ಜಾಗ ಗುರುತೂ ಸಿಗುವುದಿಲ್ಲ.

ಕಷ್ಟದ ಕೆಲಸವೆಂದರೆ ಜಂತಿ ಹುಡುಕುವುದು. ಕಿಟ್ಟಿನ ಕಡ್ಡಿಯನ್ನು ಡ್ರಿಲ್ಲಿನಿಂದ ಇಳಿಸಿದಾಗ ಕೆಳಗೆ ಮರವಿದ್ದರೆ ಬಿಗಿಯಾಗಿ ಹೋಗುತ್ತದೆ, ಇಲ್ಲದಿದ್ದರೆ ಹಲಗೆ ದಾಟಿದ ಕೂಡಲೇ ಸಡಿಲವಾಗುತ್ತದೆ. ಗುರಿ ಒಂದೂವರೆ ಇಂಚು ಅಗಲದ್ದು, ಹುಡುಕಾಟ ಕಾರ್ಪೆಟ್ಟಿನ ಮೇಲಿನಿಂದ ಕುರುಡಾಗಿ ನಡೆಯುವಂಥದ್ದು. ಹಾಗಾಗಿ ಕಡ್ಡಿಯೊಂದನ್ನೇ ನಂಬಿದರೆ ನೆಲ ಜರಡಿಯಾಗುತ್ತದೆ. ನಾನು ಕಂಡುಕೊಂಡ ಸುಲಭ ದಾರಿ ಬೇರೆಯದು. ಕೆಳಕೋಣೆಯಲ್ಲಿ ಏಣಿ ಹತ್ತಿ ಚಾವಣಿಯ ಮೇಲೆ ಸಣ್ಣ ಅಯಸ್ಕಾಂತವನ್ನು ಆಡಿಸಿದರೆ ಡ್ರೈವಾಲಿನ ಸ್ಕ್ರೂಗಳಿರುವ ಕಡೆ ಅದು ಹಿಡಿದು ನಿಲ್ಲುತ್ತದೆ. ಆ ಸ್ಕ್ರೂಗಳು ಹೊಕ್ಕಿರುವುದು ಅದೇ ಜಂತಿಗಳಿಗೆ. ಹೊರಗೋಡೆಯಿಂದ ಅಲ್ಲಿಗೆ ಎಷ್ಟು ದೂರವೆಂದು ಅಳೆದು, ಮೇಲೆ ಹೋಗಿ ಅದೇ ಗೋಡೆಯಿಂದ ಅಷ್ಟೇ ದೂರ ಅಳೆದರೆ ಮೊದಲ ಜಂತಿ ಸಿಕ್ಕಿತು. ಅಲ್ಲಿಂದ 16 ಇಂಚಿಗೊಂದರಂತೆ ಉಳಿದವು ಸಾಲಾಗಿ ಸಿಕ್ಕವು, ಕಡ್ಡಿ ಬೇಕಾದದ್ದು ಖಚಿತಪಡಿಸಿಕೊಳ್ಳಲು ಮಾತ್ರ. ಅಯಸ್ಕಾಂತದ ಈ ಉಪಾಯ ಕಿಟ್ಟಿನ ಜೊತೆಗಿನ ಸೂಚನಾಪತ್ರದಲ್ಲಿ ಇದ್ದಿದ್ದರೆ ಮೊದಲ ಸಂಜೆ ವ್ಯರ್ಥವಾಗುತ್ತಿರಲಿಲ್ಲ.

ಆ ಮೊದಲ ಸಂಜೆ ನಾಲ್ಕು ಸ್ಕ್ರೂಗಳನ್ನು ಹಾಳುಮಾಡಿದೆ, ನಾಲ್ಕೂ ನನ್ನದೇ ತಪ್ಪಿನಿಂದ. ಎರಡು ಜಂತಿಗೆ ತಾಗದೆ ಹಲಗೆಯಲ್ಲಿ ಸುಮ್ಮನೆ ತಿರುಗಿದವು. ಎರಡನ್ನು ಗೂಡನ್ನು ಬಿಗಿಯಾಗಿ ಒತ್ತದೆ ಹೊಡೆದದ್ದರಿಂದ ಗೆರೆ ಹಲಗೆಯ ಮೇಲೆಯೇ ಉಳಿದು, ಮುರಿದ ಮೊನೆ ಕಾರ್ಪೆಟ್ಟಿನೊಳಗೆ ಮುಳ್ಳಿನಂತೆ ನಿಂತಿತು. ಅಂಬೆಗಾಲಿಡುವ ಮಗುವಿರುವ ಮನೆಯಲ್ಲಿ ಅದನ್ನು ಹಾಗೆಯೇ ಬಿಡುವಂತಿರಲಿಲ್ಲ. ಸುತ್ತಿಗೆಯಿಂದ ಬಡಿದು ಒಳಗೆ ಇಳಿಸಿದೆ. ಇನ್ನೊಂದು ವಿಷಯವನ್ನು ಮಾಡುತ್ತ ಮಾಡುತ್ತ ಕಲಿತೆ. ತಲೆ ಮುರಿದುಹೋದ ಮೇಲೆ ಹಲಗೆಯನ್ನು ಹಿಡಿದಿಡುವುದು ಸ್ಕ್ರೂವಿನ ಎಳೆಗಳೇ ಆದ್ದರಿಂದ, ಹೊಡೆಯುವಾಗ ಸಂದು ಮುಚ್ಚಿರದಿದ್ದರೆ ಅದು ಆ ಸಂದನ್ನೇ ಶಾಶ್ವತಗೊಳಿಸುತ್ತದೆ. ಅಮ್ಮನನ್ನು ಪಕ್ಕದಲ್ಲೇ ನಿಲ್ಲಿಸಿ, ಅವಳ ಭಾರಕ್ಕೆ ಹಲಗೆ ತಗ್ಗಿದಾಗ ಹೊಡೆದ ಸ್ಕ್ರೂಗಳು ಒಂದೇ ಏಟಿಗೆ ಫಲ ಕೊಟ್ಟವು. “ಇಷ್ಟು ದೂರ ಬಂದದ್ದು ನಿನ್ನ ಹಲಗೆಗೆ ಕಲ್ಲುಗುಂಡಾಗಲಿಕ್ಕಾ?” ಎಂದು ಅವಳು ಕೇಳಿದರೂ ಎರಡು ಶನಿವಾರ ಕದಲದೆ ನಿಂತುಕೊಟ್ಟಳು.

ಒಂದು ಎಚ್ಚರಿಕೆಯನ್ನು ಇಲ್ಲಿ ಒತ್ತಿ ಹೇಳಬೇಕು. ಜಂತಿಗಳ ನಡುವಿನ ಪೊಳ್ಳಿನಲ್ಲಿ ನೀರಿನ ಕೊಳವೆಗಳೂ ವಿದ್ಯುತ್ ತಂತಿಗಳೂ ಹಾದುಹೋಗಿರುತ್ತವೆ. ಗುರಿ ತಪ್ಪಿದ ಸ್ಕ್ರೂ ಅವುಗಳನ್ನು ಮುಟ್ಟುವ ಸಾಧ್ಯತೆ ಇದ್ದೇ ಇದೆ. ಬಚ್ಚಲುಮನೆಯ ಗೋಡೆಗೆ ಹೊಂದಿದ ಎರಡು ಜಾಗಗಳನ್ನು ನಾನು ಈ ಭಯದಿಂದಲೇ ಮುಟ್ಟದೆ ಬಿಟ್ಟೆ. ಕಾರ್ಪೆಟ್ಟಿನ ಬಗೆಯನ್ನೂ ನೋಡಿಕೊಳ್ಳಬೇಕು. ನಮ್ಮದು ಎಳೆಗಳ ತುದಿ ಕತ್ತರಿಸಿದ್ದು, ಹಾಗಾಗಿ ತೊಂದರೆಯಾಗಲಿಲ್ಲ. ಕುಣಿಕೆ ಕುಣಿಕೆಯಾಗಿ ಹೆಣೆದ ಬರ್ಬರ್ ಬಗೆಯಲ್ಲಿ ತಿರುಗುವ ಸ್ಕ್ರೂವಿಗೆ ಒಂದು ಎಳೆ ಸಿಕ್ಕಿಬಿದ್ದರೆ ಸಾಲುದ್ದಕ್ಕೂ ಬಿಚ್ಚಿಕೊಂಡು ಬರಬಹುದು, ಆ ಗಾಯ ಕಾಣದಂತೆ ಮುಚ್ಚುವುದು ಕಷ್ಟ.

ಫಲಿತಾಂಶ ಹೀಗಿದೆ. ಟೇಪು ಅಂಟಿಸಿದ 22 ಜಾಗಗಳಲ್ಲಿ 20ಕ್ಕೆ ಒಟ್ಟು 37 ಸ್ಕ್ರೂಗಳು ಹೋದವು. 17 ಜಾಗಗಳು ಪೂರ್ತಿ ಸುಮ್ಮನಾದವು, ಉಳಿದ ಮೂರು ಕಡೆ ಸದ್ದು ತಗ್ಗಿತಾದರೂ ಹೋಗಲಿಲ್ಲ. ಬೇಸಿಗೆಯಲ್ಲಿ ಗಾಳಿಯ ತೇವಕ್ಕೆ ಮರ ಉಬ್ಬಿ ಹೇಗೂ ಸದ್ದು ಕಡಿಮೆಯಾಗುವುದರಿಂದ ಆ ತಿಂಗಳುಗಳ ಮೌನಕ್ಕೆ ನಾನು ಬೆಲೆ ಕೊಡಲಿಲ್ಲ. ನಿಜವಾದ ಪರೀಕ್ಷೆ ಹೀಟರ್ ಹಗಲಿರುಳು ಓಡುವ ಜನವರಿಯದು. ಆಗಲೂ ಆ 17 ಕಡೆ ಸದ್ದು ಮರಳಲಿಲ್ಲ. ಓಣಿಯ ಕೊನೆಯಲ್ಲಿ ಹೊಸದೊಂದು ಹುಟ್ಟಿಕೊಂಡಿತು, ಅದಕ್ಕೆ ಉಳಿದ ಒಂಬತ್ತು ಸ್ಕ್ರೂಗಳಲ್ಲಿ ಎರಡು ಸಾಕಾದವು. ಗೋಡೆಯ ಬುಡದ ಟಕ್ ಸದ್ದು ಮಾತ್ರ ಹಾಗೆಯೇ ಇದೆ, ಅದಕ್ಕೆ ಕೆಳಗಿನ ಚಾವಣಿಯನ್ನು ಕತ್ತರಿಸದೆ ಬೇರೆ ದಾರಿಯಿಲ್ಲ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದು ಅಂಕ ಸೂಚನಾಪತ್ರದ ಜಿಪುಣತನಕ್ಕೆ. ತಲೆ ಮುರಿಯುವ ಕೆಲಸ ಹತ್ತು ಸ್ಕ್ರೂಗಳವರೆಗೆ ಮಜವಾಗಿರುತ್ತದೆ, ಇಪ್ಪತ್ತರ ನಂತರ ಮಣಿಕಟ್ಟು ನೋಯತೊಡಗುತ್ತದೆ ಎಂಬುದನ್ನೂ ಸೇರಿಸಬಹುದು, ಆದರೆ ಅದಕ್ಕೆ ಅಂಕ ಕಳೆಯುವುದು ನ್ಯಾಯವಲ್ಲ.

ನಮ್ಮ ಮಹಡಿ ಸುಮ್ಮನಾದದ್ದನ್ನು ಕೇಳಿ ಪಕ್ಕದ ಬೀದಿಯ ಕನ್ನಡದ ಗೆಳೆಯರೊಬ್ಬರು ಕಿಟ್ ಎರವಲು ಕೇಳಿದರು. ಅವರ ಮಹಡಿಗೆ ಹಾಸಿರುವುದು ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ವಿನೈಲ್ ಹಲಗೆಗಳು. ಅವು ಕೆಳಗಿನ ಮರಕ್ಕೆ ಅಂಟಿಕೊಳ್ಳದೆ ತೇಲುತ್ತಿರಬೇಕಾದಂಥವು. ಅಲ್ಲಿ ಸ್ಕ್ರೂ ಹೊಡೆದರೆ ತೂತು ಎದ್ದು ಕಾಣುವುದಲ್ಲದೆ ನೆಲ ಹಿಗ್ಗಿ ಕುಗ್ಗುವ ಸ್ವಾತಂತ್ರ್ಯವೂ ಹೋಗುತ್ತದೆ. ಅವರ ಮನೆಗೆ ಹೋಗಿ ಬರಿಗಾಲಿನಲ್ಲಿ ನಡೆದು ನೋಡಿದೆ. ಸದ್ದು ಬರುತ್ತಿದ್ದುದು ಅಡಿಯಲ್ಲಿನ ಉಬ್ಬುತಗ್ಗಿನಿಂದಾಗಿ ಆ ಕೊಂಡಿಗಳು ಒಂದಕ್ಕೊಂದು ಉಜ್ಜುವ ಕಡೆಯಿಂದ. ಕಿಟ್ಟನ್ನು ಕೊಡಲಿಲ್ಲ. ಅವರ ಮನೆಯ ವಾರಂಟಿ ಮುಗಿಯಲು ಇನ್ನೂ ಎರಡು ತಿಂಗಳಿದ್ದುದರಿಂದ ನೀಲಿ ಟೇಪಿನ ಸುರುಳಿಯನ್ನು ಕೊಟ್ಟು ಬಂದೆ.