ಅಮೆರಿಕವೋ, ಕೆನಡಾವೋ?

ಸುರತ್ಕಲ್‌ನಲ್ಲಿ ಓದು ಮುಗಿಸಿದ ತಮ್ಮಂದಿರು, ಕೆಲಸಕ್ಕೆ ಎಲ್ಲಿಗೆ ಹೋಗಲಿ ಎಂದು ಇದನ್ನೇ ಕೇಳುತ್ತಾರೆ. ಸಂಬಳ ನೋಡಿದರೆ ಅಮೆರಿಕದಲ್ಲೇ ಜಾಸ್ತಿ.

ಕಾಯಂ ನೆಲೆಯ ಮಾತು ಬೇರೆ. ಅಮೆರಿಕದಲ್ಲಿ ಉದ್ಯೋಗದ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000. ಒಂದು ದೇಶದವರಿಗೆ ಶೇ 7ರ ಮಿತಿ. ಹಾಗಾಗಿ ಭಾರತೀಯರ ಸರದಿ ದಶಕಗಳಷ್ಟು ಉದ್ದ. ಸರಿಪಡಿಸಬಹುದು, ಅಲ್ವಾ? ಆದರೆ ಸರದಿಯಲ್ಲಿ ನಿಂತವರಿಗೆ ಓಟಿಲ್ಲ, ಗಡಿ ದಾಟಿ ಬರುವ ವಲಸಿಗರ ಕುರಿತ ಜಗಳ ಪಕ್ಷಗಳಿಗೆ ಚುನಾವಣೆಗೆ ಬೇಕು. 2013ರಲ್ಲಿ ಮೇಲ್ಮನೆಯಾದ ಸೆನೆಟ್ 68-32 ಮತಗಳಿಂದ ಒಪ್ಪಿದ ವಲಸೆ ಸುಧಾರಣೆ ಮಸೂದೆ ಕೆಳಮನೆಯಲ್ಲಿ ಮತಕ್ಕೇ ಬರಲಿಲ್ಲ. ಇದು ದೊಡ್ಡ ಅನ್ಯಾಯ.

ಕೆನಡಾದಲ್ಲಿ ವಯಸ್ಸು, ಭಾಷೆ, ಓದು, ಅನುಭವಕ್ಕೆ ಅಂಕ ಕೊಟ್ಟು ಆರಿಸುತ್ತಾರೆ. ಅಲ್ಲೂ ರಾಜಕೀಯವಿದೆ: ಮನೆ ಬಾಡಿಗೆ ಏರಿ ಜನ ಸಿಟ್ಟಾದಾಗ, 2025ರಲ್ಲಿ ಎಷ್ಟು ಜನರಿಗೆ ಕಾಯಂ ನೆಲೆ ಕೊಡಬೇಕೆಂಬ ಗುರಿಯನ್ನು 5 ಲಕ್ಷದಿಂದ 3.95 ಲಕ್ಷಕ್ಕೆ ಇಳಿಸಿದರು.

ಕೆಲವು ವರ್ಷ ದುಡಿದು ಊರಿಗೆ ಮರಳುವವರಿಗೆ ಅಮೆರಿಕ ಆಗಬಹುದು. ಮೂವತ್ತರೊಳಗಿದ್ದು ಸಂಸಾರ ಸಮೇತ ನೆಲೆ ನಿಲ್ಲುವ ಆಸೆಯಿದ್ದರೆ ಕೆನಡಾಕ್ಕೆ ಮೊದಲು ಅರ್ಜಿ ಹಾಕಿ.