ಹಳೆ ಪಿಕಪ್‌ಗೆ ಯಾವ ಆಯಿಲ್? ನಾಲ್ಕು ಬಗೆ ಹಾಕಿ ನೋಡಿದ ಮೇಲೆ

ನನ್ನದು 1972ರ ಶೆವ್ರೊಲೆ ಸಿ-10 ಪಿಕಪ್. 350 ಎಂಜಿನ್, ಅಂದರೆ 5.7 ಲೀಟರ್ ವಿ-8, ಮೇಲೊಂದು ಕಾರ್ಬುರೇಟರ್. ಗಾಡಿ ಕೈಗೆ ಬಂದ ದಿನದಿಂದ ಆಯಿಲ್ ಬಗ್ಗೆ ಸಲಹೆಗಳಿಗೇನೂ ಬರ ಇಲ್ಲ. ಒಬ್ಬರು ದಪ್ಪ ಆಯಿಲೇ ಸರಿ ಎಂದರು. ಇನ್ನೊಬ್ಬರು ಸಿಂಥೆಟಿಕ್ ಬಿಟ್ಟು ಬೇರೆ ಮುಟ್ಟಬೇಡಿ ಎಂದರು. ಡೀಸೆಲ್ ಎಂಜಿನ್‌ಗೆ ಮಾಡಿದ ಆಯಿಲ್ ಹಾಕಿ ಅಂದವರೂ ಇದ್ದಾರೆ. ಯಾರ ಮಾತು ಕೇಳೋದು? ಕೊನೆಗೆ ಒಂದೊಂದಾಗಿ ಎಲ್ಲವನ್ನೂ ಹಾಕಿ ನೋಡಿದೆ. ನಾಲ್ಕು ಬಗೆ, ಒಂದೊಂದರಲ್ಲೂ ಸುಮಾರು 2,500 ಕಿ.ಮೀ. ಪ್ರತಿ ಸಲವೂ ಹೊಸ ಫಿಲ್ಟರ್, ಅದೂ ಒಂದೇ ಮಾದರಿಯದು.

ನಾನು ಗಮನಿಸಿದ್ದು ನಾಲ್ಕೇ ವಿಷಯ. ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಟ್ಯಾಪೆಟ್ (ಕ್ಯಾಮ್ ಎನ್ನುವ ತಿರುಗುವ ದಂಡ ತಳ್ಳಿದಾಗ ವಾಲ್ವ್ ತೆರೆಸುವ ಬಿಡಿಭಾಗ) ಎಷ್ಟು ಹೊತ್ತು ಟಿಕ್‌ಟಿಕ್ ಅನ್ನುತ್ತದೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ, ಅಂದರೆ ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ, ಆಯಿಲ್ ಪ್ರೆಶರ್ ಎಷ್ಟಿದೆ. ರಾತ್ರಿ ಗಾಡಿ ಕೆಳಗೆ ಹಾಸಿದ ರಟ್ಟಿನ ಮೇಲೆ ಎಷ್ಟು ಹನಿ ಬಿದ್ದಿದೆ. ಆಮೇಲೆ, ಕಳಚಿದ ಫಿಲ್ಟರ್ ಕತ್ತರಿಸಿದರೆ ಒಳಗೆ ಏನು ಸಿಕ್ಕಿತು.

ಹೋಲಿಕೆಗೆ ಮೊದಲು ಒಂದು ವಿಷಯ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನನ್ನ ಗಾಡಿಯ ಕಾಲದ ಎಂಜಿನ್‌ಗಳಲ್ಲಿ ಟ್ಯಾಪೆಟ್‌ಗೆ ರೋಲರ್ ಇಲ್ಲ. ಟ್ಯಾಪೆಟ್‌ನ ತಳ ನೇರವಾಗಿ ಕ್ಯಾಮ್ ಮೇಲೆ ಉಜ್ಜುತ್ತದೆ. ನೋಡೋಕೆ ಆ ತಳ ಚಪ್ಪಟೆ, ಆದರೆ ನಿಜವಾಗಿ ಕೂದಲೆಳೆಯಷ್ಟು ಉಬ್ಬಿರುತ್ತದೆ. ಕ್ಯಾಮ್‌ನ ಲೋಬ್ (ಟ್ಯಾಪೆಟ್ ತಳ್ಳುವ ಭಾಗ) ಕೂಡ ಅಷ್ಟೇ ಸಣ್ಣ ಓರೆ. ಈ ಉಬ್ಬು, ಓರೆ ಸೇರಿ ಟ್ಯಾಪೆಟ್ ತಿರುಗುತ್ತಾ ಉಜ್ಜುತ್ತದೆ, ಒಂದೇ ಕಡೆ ಸವೆಯುವುದಿಲ್ಲ. ಆದರೂ ಅಲ್ಲಿ ಬೀಳುವ ಒತ್ತಡ ಸಾಮಾನ್ಯದ್ದಲ್ಲ. ಆಯಿಲ್ ಪದರ ಹರಿದುಹೋದಾಗ ಲೋಹವನ್ನು ಕಾಪಾಡೋದು ಜೆಡ್‌ಡಿಡಿಪಿ ಎನ್ನುವ ರಾಸಾಯನಿಕ. ಅದರಲ್ಲಿ ಸತು ಇದೆ, ರಂಜಕ ಇದೆ. ಒತ್ತಡ, ಬಿಸಿ ಬಿದ್ದ ಜಾಗದಲ್ಲಿ ಅದು ತೆಳು ಪದರ ಕಟ್ಟಿಕೊಳ್ಳುತ್ತದೆ. ಲೋಹದ ಬದಲು ಆ ಪದರ ಸವೆಯುತ್ತದೆ.

ಇದೇ ರಂಜಕ ಹೊಸ ಕಾರುಗಳ ಕೆಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧಮಾಡುವ ಸಾಧನ) ಹಾಳುಮಾಡುತ್ತದೆ. ಹಾಗಾಗಿ ಪೆಟ್ರೋಲ್ ಕಾರಿನ ಆಯಿಲ್‌ಗಳಲ್ಲಿ ಅದನ್ನು ಕಡಿಮೆ ಮಾಡುತ್ತಾ ಬಂದರು. 2004ರಲ್ಲಿ ಎಪಿಐ (ಆಯಿಲ್ ದರ್ಜೆ ಗೊತ್ತುಮಾಡುವ ಅಮೆರಿಕದ ಸಂಸ್ಥೆ) ಎಸ್‌ಎಂ ದರ್ಜೆ ತಂದಾಗ 5ಡಬ್ಲ್ಯೂ-30, 10ಡಬ್ಲ್ಯೂ-30ರಂಥ ತೆಳು ಗ್ರೇಡ್‌ಗಳಿಗೆ ರಂಜಕದ ಮಿತಿ 800 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 800) ಆಯಿತು. 2020ರ ಎಸ್‌ಪಿ ದರ್ಜೆಯಲ್ಲೂ ಅದೇ ಮಿತಿ. ನನ್ನ ಗಾಡಿಗೆ ಕನ್ವರ್ಟರೇ ಇಲ್ಲ, ಅಮೆರಿಕದ ಕಾರುಗಳಿಗೆ ಅದು ವ್ಯಾಪಕವಾಗಿ ಬಂದದ್ದು 1975ರ ಮಾಡೆಲ್‌ಗಳಿಂದ. ಅಂದರೆ ರಂಜಕ ಕಡಿಮೆ ಇರುವ ಆಯಿಲ್‌ನಿಂದ ನನಗೆ ಲಾಭ ಏನೂ ಇಲ್ಲ, ನಷ್ಟ ಮಾತ್ರ ಇರಬಹುದು.

ಮೊದಲು ಹಾಕಿದ್ದು ಸಾಮಾನ್ಯ 10ಡಬ್ಲ್ಯೂ-30, ಎಸ್‌ಪಿ ದರ್ಜೆಯದು. ಎಲ್ಲೆಡೆ ಸಿಗುತ್ತದೆ, ಅಗ್ಗ. ಚಳಿಯಲ್ಲೂ ಸ್ಟಾರ್ಟ್ ಸಲೀಸು, ಟ್ಯಾಪೆಟ್ ಎರಡು ಸೆಕೆಂಡಿಗೆ ಸುಮ್ಮನಾಗುತ್ತಿತ್ತು. ಬಿಸಿಯಾದ ಮೇಲೆ ಮಾತ್ರ ಐಡ್ಲಿಂಗ್‌ನಲ್ಲಿ ಪ್ರೆಶರ್ ಮೀಟರಿನ ಮುಳ್ಳು 12 ಪಿಎಸ್‌ಐಗೆ (ಒತ್ತಡದ ಅಳತೆ) ಇಳಿಯಿತು. ಹಳೆ ಎಂಜಿನ್ ನೋಡುವವರಲ್ಲಿ ಒಂದು ಲೆಕ್ಕ ಇದೆ: ಪ್ರತಿ 1,000 ಆರ್‌ಪಿಎಂಗೆ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) 10 ಪಿಎಸ್‌ಐ ಇದ್ದರೆ ಸಾಕು. ಆ ಲೆಕ್ಕಕ್ಕೆ 12 ತಪ್ಪಲ್ಲ. ಆದರೂ ಟ್ರಾಫಿಕ್‌ನಲ್ಲಿ ನಿಂತಾಗ ಕಣ್ಣೆಲ್ಲ ಮೀಟರ್ ಮೇಲೇ. ಇದಕ್ಕೆ ಬೇರೆಯಾಗಿ ಸಿಗುವ ಜೆಡ್‌ಡಿಡಿಪಿ ಬಾಟಲಿ ಒಂದನ್ನು ಸುರಿದೂ ನೋಡಿದೆ. ಆಮೇಲೆ ಬಿಟ್ಟೆ. ಆಯಿಲ್ ಮಾಡುವವರು ಅದರ ರಾಸಾಯನಿಕಗಳನ್ನೆಲ್ಲ ಒಂದಕ್ಕೊಂದು ಹೊಂದಿಸಿ ಬೆರೆಸಿರುತ್ತಾರೆ. ಅದರೊಳಗೆ ನಾವು ಅಂದಾಜಿನ ಮೇಲೆ ಇನ್ನಷ್ಟು ಸುರಿಯೋದು ಸರಿಯಲ್ಲ. ಜೆಡ್‌ಡಿಡಿಪಿ ಅತಿಯಾದರೂ ಕೆಡುಕೇ.

ಎರಡನೆಯದು 20ಡಬ್ಲ್ಯೂ-50, ಹಳೆ ಎಂಜಿನ್‌ಗೆಂದೇ ಸತು ಜಾಸ್ತಿ ಹಾಕಿದ ಬಗೆ. ಪ್ರೆಶರ್ ನೋಡಿ ಖುಷಿಯಾಯಿತು, ಬಿಸಿ ಐಡ್ಲಿಂಗ್‌ನಲ್ಲೂ 24. ರಟ್ಟಿನ ಮೇಲೆ ಹನಿಯೂ ಕಡಿಮೆ. ತೊಂದರೆ ಬಂದದ್ದು ಚಳಿಗಾಲದಲ್ಲಿ. ಸ್ಟಾರ್ಟರ್ ಒದ್ದಾಡಿ ತಿರುಗುತ್ತಿತ್ತು, ಟ್ಯಾಪೆಟ್ ಶಬ್ದ ಐದಾರು ಸೆಕೆಂಡು ನಿಲ್ಲುತ್ತಿರಲಿಲ್ಲ. ಐದಾರು ಸೆಕೆಂಡು ಅಂದರೆ ಏನು ಮಹಾ ಅನಿಸಬಹುದು. ಆದರೆ ಆ ಹೊತ್ತಿನಲ್ಲೇ ಎಂಜಿನ್ ಜಾಸ್ತಿ ಸವೆಯೋದು. ಡಬ್ಲ್ಯೂಗೆ ಮೊದಲು ಬರುವ ಸಂಖ್ಯೆ ಚಳಿಯ ಲೆಕ್ಕ. 10ಡಬ್ಲ್ಯೂ ಆಯಿಲ್‌ನಲ್ಲಿ ಎಂಜಿನ್ ತಿರುಗಬಲ್ಲದೇ ಎಂದು ಪರೀಕ್ಷಿಸೋದು ಮೈನಸ್ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, 15ಡಬ್ಲ್ಯೂ ಮೈನಸ್ 20ರಲ್ಲಿ, 20ಡಬ್ಲ್ಯೂ ಮೈನಸ್ 15ರಲ್ಲಿ. ಕೊನೆಯಲ್ಲಿ ಬರುವ ಸಂಖ್ಯೆ 100 ಡಿಗ್ರಿಯಲ್ಲಿ ಎಷ್ಟು ದಪ್ಪ ಉಳಿಯುತ್ತದೆ ಅನ್ನೋದು. ಬಿಸಿ ಊರಲ್ಲಿ, ಬೇಸಿಗೆಯಲ್ಲಿ, ಹಿಂದೆ ಭಾರ ಹೇರಿ ಓಡಿಸುವವರಿಗೆ ಈ 20ಡಬ್ಲ್ಯೂ-50 ಒಳ್ಳೆಯ ಆಯ್ಕೆ. ನನ್ನ ಓಡಾಟ ವರ್ಷಪೂರ್ತಿ, ಅದಕ್ಕೆ ಹೊಂದಲಿಲ್ಲ.

ಸಿಂಥೆಟಿಕ್ 10ಡಬ್ಲ್ಯೂ-40 ಬಗ್ಗೆ ಜಾಸ್ತಿ ಹೇಳೋದಿಲ್ಲ. ಎಂಜಿನ್‌ಗೆ ಅದು ಒಳ್ಳೆಯದೇ. ಸ್ಟಾರ್ಟ್ ಎಲ್ಲಕ್ಕಿಂತ ನಯ, ಪ್ರೆಶರ್ 18. ಆದರೆ ಮೊದಲ ವಾರದಲ್ಲೇ ರಟ್ಟಿನ ಮೇಲೆ ಅಂಗೈ ಅಗಲದ ಕಲೆ. ಇದು ಆಯಿಲ್‌ನ ತಪ್ಪಲ್ಲ. ಐವತ್ತು ವರ್ಷದ ರಬ್ಬರ್ ಸೀಲ್ ಗಟ್ಟಿಯಾಗಿ ಕೂತಿತ್ತು, ಸಂದಿಯಲ್ಲಿದ್ದ ಹಳೆ ಜಿಡ್ಡನ್ನು ಹೊಸ ಆಯಿಲ್ ತೊಳೆದು ತೆಗೆಯಿತು ಅಷ್ಟೇ. ಎಂಜಿನ್‌ನ ಹಿಂಬದಿಯ ಮೇನ್ ಸೀಲ್ ಬದಲಿಸಿದವರು ಧೈರ್ಯವಾಗಿ ಹಾಕಬಹುದು. ಇನ್ನೊಂದು ಮಾತು, ದುಬಾರಿ ಸಿಂಥೆಟಿಕ್‌ನ ಮುಖ್ಯ ಲಾಭ ತುಂಬ ದೂರದವರೆಗೆ ಬದಲಿಸದೆ ಓಡಿಸೋದು. ಕಾರ್ಬುರೇಟರ್ ಗಾಡಿಯಲ್ಲಿ ಆ ಲಾಭ ಸಿಗೋದೇ ಇಲ್ಲ. ಚೋಕ್ ಎಳೆದಾಗ ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆ ಹಿಡಿದು ಕೆಳಗಿಳಿದು ಆಯಿಲ್‌ಗೆ ಸೇರುತ್ತದೆ. ಎಷ್ಟೇ ಒಳ್ಳೆಯ ಆಯಿಲ್ ಆದರೂ ಪೆಟ್ರೋಲ್ ಬೆರೆತ ಮೇಲೆ ಮುಗಿಯಿತು.

ನಾಲ್ಕನೆಯದು ಡೀಸೆಲ್ ಎಂಜಿನ್‌ನ 15ಡಬ್ಲ್ಯೂ-40, ಸಿಕೆ-4 ದರ್ಜೆ. ಪೆಟ್ರೋಲ್ ಗಾಡಿಗೆ ಡೀಸೆಲ್ ಆಯಿಲಾ ಎಂದು ನನಗೂ ಮೊದಲು ಹಿಂಜರಿಕೆ ಇತ್ತು. ಈ ದರ್ಜೆಯಲ್ಲಿ ರಂಜಕದ ಮಿತಿ 1,200 ಪಿಪಿಎಂ, ಅಂದರೆ ಕ್ಯಾಮ್‌ಗೆ ಬೇಕಾದಷ್ಟು ಹಾಕಲು ಜಾಗ ಇದೆ. ಮಸಿ ಹಿಡಿದಿಟ್ಟುಕೊಳ್ಳುವ, ತೊಳೆಯುವ ಗುಣವೂ ಜಾಸ್ತಿ. ಬಿಸಿ ಐಡ್ಲಿಂಗ್‌ನಲ್ಲಿ 19, ಹೆದ್ದಾರಿಯಲ್ಲಿ 45ರ ಆಸುಪಾಸು. ಚಳಿಯ ಬೆಳಿಗ್ಗೆ ಟ್ಯಾಪೆಟ್ ಮೂರು ಸೆಕೆಂಡಿಗೆ ಸುಮ್ಮನಾಯಿತು. ಹನಿ ಮೊದಲಿನಷ್ಟೇ.

ಫಿಲ್ಟರ್ ಕತ್ತರಿಸಿದಾಗಲೇ ನನಗೆ ಮನಸ್ಸು ಗಟ್ಟಿಯಾಗಿದ್ದು. ಡಬ್ಬಿಯ ಅಂಚು ಬಿಡಿಸಿ, ಒಳಗಿನ ಮಡಿಕೆ ಕಾಗದವನ್ನು ಬಿಡಿಸಿ, ಎರಡು ಹಲಗೆ ನಡುವೆ ಇಟ್ಟು ವೈಸ್‌ನಲ್ಲಿ ಹಿಂಡಿ ಒಣಗಿಸಬೇಕು. ಆಮೇಲೆ ಬಿಸಿಲಿಗೆ ಹಿಡಿದು ಅತ್ತಿತ್ತ ವಾಲಿಸಿದರೆ ಲೋಹದ ಚೂರು ಇದ್ದಲ್ಲಿ ಮಿಣಮಿಣ ಹೊಳೆಯುತ್ತದೆ. 10ಡಬ್ಲ್ಯೂ-30ರ ಕಾಗದದಲ್ಲಿ ಸಣ್ಣ ಹೊಳಪು ಅಲ್ಲಲ್ಲಿ ಇತ್ತು, ಆಯಸ್ಕಾಂತಕ್ಕೆ ಅಂಟಿತು. ಡೀಸೆಲ್ ಆಯಿಲ್‌ನ ಕಾಗದದಲ್ಲಿ ಕಪ್ಪು ಜಿಡ್ಡು ಜಾಸ್ತಿ, ಹೊಳಪು ಹುಡುಕಿದರೂ ಒಂದೆರಡು. ಆ ಜಿಡ್ಡು ಎಂಜಿನ್‌ನ ಒಳಗೆ ವರ್ಷಗಳಿಂದ ಕೂತಿದ್ದ ಕೊಳೆ. ಅದಕ್ಕೇ ಒಂದು ಎಚ್ಚರಿಕೆ: ತುಂಬ ಕಾಲ ಆಯಿಲ್ ಬದಲಿಸದ ಎಂಜಿನ್‌ಗೆ ಇದನ್ನು ಹಾಕಿದರೆ ಮೊದಲ ಫಿಲ್ಟರನ್ನು 500 ಕಿ.ಮೀ.ಗೇ ಬದಲಿಸಿ. ಕೊಳೆ ಎದ್ದು ಫಿಲ್ಟರ್ ಕಟ್ಟಿಕೊಂಡರೆ ಕಷ್ಟ.

ಕೊಳ್ಳುವಾಗ ಡಬ್ಬಿಯ ಹಿಂಬದಿ ಓದಿ. ಡೀಸೆಲ್ ಆಯಿಲ್‌ನಲ್ಲೇ 10ಡಬ್ಲ್ಯೂ-30 ಇದ್ದು ಜೊತೆಗೆ ಎಸ್‌ಎನ್ ಅಥವಾ ಎಸ್‌ಪಿ ಎಂಬ ಪೆಟ್ರೋಲ್ ದರ್ಜೆಯನ್ನೂ ಬರೆದಿದ್ದರೆ ಅದರಲ್ಲಿ ರಂಜಕ ಇಳಿಸಿರುವ ಸಾಧ್ಯತೆ ಜಾಸ್ತಿ. ಎಫ್‌ಎ-4 ಅಂತ ಇದ್ದರೆ ವಾಪಸ್ ಇಡಿ, ಅದು ಹೊಸ ಟ್ರಕ್‌ಗಳಿಗೆ ಮಾಡಿದ ತೆಳು ಆಯಿಲ್.

ಇನ್ನು ಬದಲಿಸುವ ಕೆಲಸ. ಡಿಪ್‌ಸ್ಟಿಕ್ ಕೊಳವೆಯಿಂದ ಪಂಪ್ ಹಾಕಿ ಹೀರಿ ತೆಗೆಯೋದನ್ನೂ, ಕೆಳಗಿನ ಡ್ರೈನ್ ಬೋಲ್ಟ್ ಬಿಚ್ಚೋದನ್ನೂ ಎರಡೂ ಮಾಡಿದ್ದೇನೆ. ಹೀರೋದು ಸುಲಭ, ಕೈ ಕೊಳೆಯಾಗೋದಿಲ್ಲ, ನಿಜ. ಆದರೆ ಹೀರಿದ ಮೇಲೆ ಬೋಲ್ಟ್ ಬಿಚ್ಚಿ ನೋಡಿದರೆ ಅರ್ಧ ಲೀಟರಿನಷ್ಟು ಕರಿ ಆಯಿಲ್ ಇನ್ನೂ ಇಳಿಯಿತು. ತಳದ ಗಸಿ ಇರೋದು ಅಲ್ಲೇ ಅಲ್ವಾ? ಹತ್ತು ನಿಮಿಷ ಓಡಿಸಿ, ಎಂಜಿನ್ ಆರಿಸಿ, ಕೈ ಸುಡದಷ್ಟು ಬಿಸಿ ಇರುವಾಗ ಬೋಲ್ಟ್ ಬಿಚ್ಚಿ. ಕೊನೆಯ ಸುತ್ತು ಬರುವಾಗ ಬೋಲ್ಟನ್ನು ಮೇಲಕ್ಕೆ ಒತ್ತಿಹಿಡಿದು ತಿರುಗಿಸಿ, ಸಟ್ಟನೆ ಎಳೆಯಿರಿ. ಆಗ ಆಯಿಲ್ ತೋಳಿಗೆ ಹರಿಯೋದಿಲ್ಲ. ಪೂರ್ತಿ ಇಳಿಯಲು ಇಪ್ಪತ್ತು ನಿಮಿಷ ಕೊಡಿ.

ಫಿಲ್ಟರ್ ವಿಷಯದಲ್ಲಿ ಒಮ್ಮೆ ನನ್ನಿಂದ ದೊಡ್ಡ ತಪ್ಪಾಯಿತು. ಹಳೆ ಫಿಲ್ಟರ್‌ನ ರಬ್ಬರ್ ರಿಂಗ್ ಎಂಜಿನ್‌ಗೇ ಅಂಟಿಕೊಂಡಿತ್ತು. ನೋಡದೆ ಹೊಸದನ್ನು ಅದರ ಮೇಲೇ ಬಿಗಿದೆ. ಎರಡು ರಿಂಗ್ ಒಂದರ ಮೇಲೊಂದು. ಸ್ಟಾರ್ಟ್ ಮಾಡಿ ಒಂದು ನಿಮಿಷವೂ ಆಗಿರಲಿಲ್ಲ, ರಿಂಗ್ ಜಾರಿ ಎರಡು ಲೀಟರ್ ಹೊಸ ಆಯಿಲ್ ನೆಲದ ಮೇಲೆ. ಮುಳ್ಳು ಬೀಳೋದು ಕಂಡು ತಕ್ಷಣ ಆರಿಸಿದ್ದರಿಂದ ಬೇರಿಂಗ್ ಉಳಿಯಿತು. ಅಂದಿನಿಂದ ಬೆರಳಾಡಿಸಿ ನೋಡದೆ ಹೊಸ ಫಿಲ್ಟರ್ ಮುಟ್ಟೋದಿಲ್ಲ. ಹೊಸ ರಿಂಗ್‌ಗೆ ಆಯಿಲ್ ಸವರಿ, ರಿಂಗ್ ತಾಗಿದ ಮೇಲೆ ಕೈಯಿಂದಲೇ ಮುಕ್ಕಾಲು ಸುತ್ತು. ಈ ಎಂಜಿನ್‌ನಲ್ಲಿ ಫಿಲ್ಟರ್ ಕೆಳಮುಖವಾಗಿ ತೂಗುವುದರಿಂದ ಮೊದಲೇ ಆಯಿಲ್ ತುಂಬಿಸಿ ಹಾಕಬಹುದು. ಫಿಲ್ಟರ್ ಸೇರಿ 4.7 ಲೀಟರ್ ಹಿಡಿಯುತ್ತದೆ. ಇಳಿಸಿದ ಆಯಿಲನ್ನು ಮಣ್ಣಿಗೋ ಮೋರಿಗೋ ಸುರಿಯಬೇಡಿ, ಮುಚ್ಚಳ ಇರುವ ಡಬ್ಬಿಗೆ ತುಂಬಿ ಹಳೆ ಆಯಿಲ್ ತೆಗೆದುಕೊಳ್ಳುವವರಿಗೆ ಕೊಡಿ.

ಈಗ ನನ್ನ ಗಾಡಿಯಲ್ಲಿ ಇರೋದು ಡೀಸೆಲ್ 15ಡಬ್ಲ್ಯೂ-40. 5,000 ಕಿ.ಮೀ. ಅಥವಾ ವರ್ಷಕ್ಕೊಮ್ಮೆ, ಯಾವುದು ಮೊದಲೋ ಆಗ ಬದಲಿಸುತ್ತೇನೆ. ನಡುವೆ ಡಿಪ್‌ಸ್ಟಿಕ್ ಮೂಸಿ ನೋಡುತ್ತೇನೆ. ಪೆಟ್ರೋಲ್ ವಾಸನೆ ಬಂದು, ಮಟ್ಟವೂ ಏರಿದ್ದರೆ ಕಿ.ಮೀ. ಲೆಕ್ಕ ನೋಡೋದಿಲ್ಲ. ಪೆಟ್ರೋಲ್ ಪಂಪ್‌ನ ಡಯಾಫ್ರಮ್ ಹರಿದು ಒಳಗೆ ಸೋರುತ್ತಿರಬಹುದು, ಅದನ್ನು ಸರಿಮಾಡಿಸಿಯೇ ಹೊಸ ಆಯಿಲ್ ಹಾಕುತ್ತೇನೆ. ಹೊಸ ಕ್ಯಾಮ್, ಹೊಸ ಟ್ಯಾಪೆಟ್ ಹಾಕಿಸಿದವರಿಗೆ ಮಾತ್ರ ನನ್ನ ಈ ಆಯ್ಕೆ ಸಲ್ಲದು. ಅವರು ಮೊದಲ ಸಲಕ್ಕೆ ಬ್ರೇಕ್-ಇನ್ ಆಯಿಲ್ ಅಂತಲೇ ಸಿಗೋದನ್ನು ತುಂಬಿ, ಸ್ಟಾರ್ಟ್ ಆದ ಕೂಡಲೇ ಐಡ್ಲಿಂಗ್‌ಗೆ ಬಿಡದೆ 2,000 ಆರ್‌ಪಿಎಂ ಮೇಲೆ ಇಪ್ಪತ್ತು ನಿಮಿಷ ಓಡಿಸಬೇಕು.