ಯುರೇಲ್ ಪಾಸೋ, ಬಿಡಿ ಟಿಕೆಟೋ?

ಪ್ಯಾರಿಸ್, ಜ್ಯೂರಿಕ್, ಮಿಲಾನ್, ವೆನಿಸ್, ವಿಯೆನ್ನಾ, ಪ್ರಾಗ್. ಯೂರೋಪಿಗೆ ಹೊರಟ ನಮ್ಮವರಲ್ಲಿ ತುಂಬಾ ಜನ ಹಾಕಿಕೊಳ್ಳುವ ದಾರಿ ಹೆಚ್ಚುಕಮ್ಮಿ ಇದೇ. ಈ ದಾರಿಯಲ್ಲಿ ನಾವು ಮೊದಲ ಸಲ ಯುರೇಲ್ ಪಾಸ್, ಅಂದರೆ ಹಲವು ದೇಶಗಳ ರೈಲುಗಳಿಗೆ ನಡೆಯುವ ಒಂದೇ ಪಾಸ್, ಹಿಡಿದು ಓಡಾಡಿದೆವು. ಮುಂದಿನ ಸಲ ಪ್ರತಿ ರೈಲಿಗೂ ಬೇರೆ ಬೇರೆ ಟಿಕೆಟ್ ಮೊದಲೇ ತೆಗೆದಿಟ್ಟು ಹೋದೆವು. ಯಾವುದು ಒಳ್ಳೆಯದು ಅಂತ ಯಾರಾದರೂ ಕೇಳಿದರೆ, ಯಾವ ದೇಶದಲ್ಲಿ ಎಷ್ಟು ದಿನ ಇರ್ತೀರಿ ಅಂತ ನಾನು ತಿರುಗಿ ಕೇಳುತ್ತೇನೆ. ಬಹುಪಾಲು ಅಲ್ಲೇ ತೀರ್ಮಾನ ಆಗಿಹೋಗುತ್ತದೆ.

ಯೂರೋಪಿನಲ್ಲಿ ವಾಸ ಇಲ್ಲದವರಿಗೆ ಯುರೇಲ್, ಅಲ್ಲೇ ವಾಸ ಇರುವವರಿಗೆ ಇಂಟರ್‌ರೇಲ್. ಜರ್ಮನಿಯಲ್ಲಿ ಕೆಲಸದಲ್ಲಿರುವ ಮಗಳಿಗೆ ಒಂದು ಪಾಸ್, ಅವಳನ್ನು ನೋಡಲು ಮೈಸೂರಿನಿಂದ ಹೋಗುವ ಅಪ್ಪ ಅಮ್ಮನಿಗೆ ಇನ್ನೊಂದು. 33 ದೇಶಗಳಿಗೆ ನಡೆಯುವ ಗ್ಲೋಬಲ್ ಪಾಸಿನಲ್ಲಿ ಒಂದು ತಿಂಗಳೊಳಗೆ ನಾವು ಆರಿಸಿದ 5 ದಿನ, 7 ದಿನ, ಎರಡು ತಿಂಗಳೊಳಗೆ 10 ದಿನ, ಹೀಗೆ ಆಯ್ಕೆಗಳಿವೆ. 5 ಅಥವಾ 7 ದಿನದ ಪಾಸಾದರೆ ಎರಡನೇ ದರ್ಜೆಯಲ್ಲಿ ದೊಡ್ಡವರಿಗೆ ಪ್ರಯಾಣದ ಒಂದು ದಿನಕ್ಕೆ ಸುಮಾರು 55ರಿಂದ 65 ಯೂರೋ ಬೀಳುತ್ತದೆ. ಈ ಲೆಕ್ಕ ತಲೆಯಲ್ಲಿರಲಿ. ಬಿಡಿ ಟಿಕೆಟ್ ಇದಕ್ಕಿಂತ ಕಡಿಮೆಗೆ ಸಿಕ್ಕಿದ ದಿನ ಪಾಸ್ ಬಳಸಿದರೆ ನಷ್ಟ.

ಪ್ಯಾರಿಸ್‌ನಿಂದ ಜ್ಯೂರಿಕ್‌ಗೆ ಟಿಜಿವಿ ಲಿರಿಯಾ ಅನ್ನುವ ವೇಗದ ರೈಲಿನಲ್ಲಿ ನಾಲ್ಕು ಗಂಟೆ. ಪಾಸ್ ಇದ್ದರೂ ಸೀಟಿಗೆ ರಿಸರ್ವೇಶನ್ ಮಾಡಲೇಬೇಕು, ಅದಕ್ಕೆ ಬೇರೆ ದುಡ್ಡು. ಪಾಸಿನವರಿಗೆ ಇಟ್ಟಿರುವ ಸೀಟುಗಳೂ ಕಡಿಮೆ, ಬೇಸಿಗೆಯಲ್ಲಿ ಬೇಗ ಖಾಲಿಯಾಗುತ್ತವೆ. ಎರಡನೇ ಸಲ ಟಿಕೆಟ್ ಮಾರಾಟ ಶುರುವಾದ ಹೊಸದರಲ್ಲೇ ತೆಗೆದೆವು. ಪಾಸಿನ ಒಂದು ದಿನದ ಬೆಲೆಗಿಂತ ಕಡಿಮೆ ಆಯಿತು, ರಿಸರ್ವೇಶನ್ ಅದರಲ್ಲೇ ಸೇರಿತ್ತು. ಫ್ರಾನ್ಸ್ ಮಟ್ಟಿಗೆ ನನಗೆ ಅನುಮಾನವೇ ಇಲ್ಲ, ಬಿಡಿ ಟಿಕೆಟೇ ಸರಿ.

ಸ್ವಿಟ್ಜರ್ಲೆಂಡಿಗೆ ಕಾಲಿಟ್ಟ ಕೂಡಲೇ ಲೆಕ್ಕ ತಿರುಗುತ್ತದೆ. ಒಳನಾಡಿನ ಮಾಮೂಲಿ ರೈಲುಗಳಿಗೆ ರಿಸರ್ವೇಶನ್ ಬೇಡ. ಬಂದ ರೈಲು ಹತ್ತಿ ಕೂತರಾಯಿತು. ನಾವು ಲುಸರ್ನ್‌ನಿಂದ ಇಂಟರ್‌ಲಾಕನ್‌ಗೆ ಹೊರಡಬೇಕಿದ್ದ ಬೆಳಿಗ್ಗೆ ಮಳೆ, ಮೋಡ, ಏನೂ ಕಾಣದು. ಪಾಸ್ ಇತ್ತಲ್ವಾ, ಅರ್ಧ ದಿನ ಊರಲ್ಲೇ ಕಳೆದು ಮಧ್ಯಾಹ್ನ ಬಿಸಿಲು ಬಂದ ಮೇಲೆ ಹೊರಟೆವು. ಬ್ರೂನಿಗ್ ಘಾಟಿ ಹತ್ತಿ ಇಳಿದು ಬ್ರಿಯೆನ್ಜ್ ಕೆರೆಯ ಪಕ್ಕದಲ್ಲೇ ಸಾಗುವ ಆ ಎರಡು ಗಂಟೆಯ ದಾರಿಯನ್ನು ಮೋಡದಲ್ಲಿ ಕಳೆದುಕೊಳ್ಳಬಾರದು. ಮುಂದಿನ ಸಲ ಒಂದೇ ರೈಲಿಗೆ ಕಟ್ಟಿಹಾಕಿದ ಅಗ್ಗದ ಟಿಕೆಟ್ ಕೈಯಲ್ಲಿತ್ತು. ಮೋಡ ಇದ್ದರೂ ಅದೇ ರೈಲು ಹತ್ತಬೇಕಾಯಿತು. ಯಾವಾಗ ಬೇಕಾದರೂ ಹತ್ತಬಹುದಾದ ಪೂರ್ತಿ ಬೆಲೆಯ ಟಿಕೆಟ್ ಅಲ್ಲಿ ಬಲು ದುಬಾರಿ.

ಆದರೆ ಸ್ವಿಟ್ಜರ್ಲೆಂಡಿನಲ್ಲೇ ನಾಲ್ಕು ದಿನಕ್ಕಿಂತ ಜಾಸ್ತಿ ಇರುವವರು ಸ್ವಿಸ್ ಟ್ರಾವೆಲ್ ಪಾಸನ್ನೂ ನೋಡಬೇಕು. ಊರೊಳಗಿನ ಟ್ರಾಮ್, ಬಸ್ಸು, ಕೆರೆಯ ದೋಣಿ, ರಿಗಿ ಬೆಟ್ಟದ ರೈಲು ಎಲ್ಲ ಅದರಲ್ಲಿ ಬರುತ್ತದೆ. ಯುರೇಲ್ ಇಂಟರ್‌ಲಾಕನ್ ಓಸ್ಟ್ ನಿಲ್ದಾಣದ ತನಕ ಮಾತ್ರ ಪೂರ್ತಿ ನಡೆಯುತ್ತದೆ, ಅಲ್ಲಿಂದ ಯುಂಗ್‌ಫ್ರೌ ಕಡೆಗೆ ಬರೀ 25% ರಿಯಾಯಿತಿ. ಸ್ವಿಸ್ ಪಾಸ್ ಇದ್ದರೆ ಗ್ರಿಂಡೆಲ್‌ವಾಲ್ಡ್ ಅಥವಾ ವೆಂಗನ್ ತನಕ ಬೇರೆ ಟಿಕೆಟ್ ಬೇಡ, ರಿಯಾಯಿತಿ ಅಲ್ಲಿಂದ ಮೇಲಕ್ಕೆ.

ಜ್ಯೂರಿಕ್‌ನಿಂದ ಮಿಲಾನ್‌ಗೆ ನೇರ ರೈಲು 57 ಕಿಲೋಮೀಟರ್ ಉದ್ದದ ಗೊಟ್ಹಾರ್ಡ್ ಸುರಂಗದಲ್ಲಿ ನುಗ್ಗುತ್ತದೆ. 2016ರಲ್ಲಿ ಶುರುವಾದ ಸುರಂಗ ಅದು. ವೇಗ ಇದೆ, ಆದರೆ ಆಲ್ಪ್ಸ್‌ನ ನಡುಭಾಗ ಪೂರ್ತಿ ಕತ್ತಲೆ. ಪಾಸ್ ಇದ್ದಾಗ ನಾವು ಹಳೆಯ ಬೆಟ್ಟದ ಹಳಿಯಲ್ಲಿ ಹೋಗುವ ಟ್ರೆನೋ ಗೊಟ್ಟಾರ್ಡೋ ಹತ್ತಿದೆವು. ಹಳಿ ಬೆಟ್ಟದೊಳಗೆ ಸುತ್ತಿ ಸುತ್ತಿ ಏರುವುದರಿಂದ ವಾಸೆನ್ ಊರಿನ ಚರ್ಚು ಮೂರು ಸಲ ಕಾಣುತ್ತದೆ, ಒಂದೊಂದು ಸಲವೂ ಬೇರೆ ಎತ್ತರದಿಂದ. ಬೆಲಿಂಜೋನಾದಲ್ಲಿ ರೈಲು ಬದಲಿಸಿ ಮುಂದೆ ಹೋದೆವು. ಸಮಯ ಜಾಸ್ತಿ ಹಿಡಿಯಿತು, ಹಿಡಿಯಲಿ. ನನ್ನ ಮಟ್ಟಿಗೆ ಇಡೀ ಪ್ರವಾಸದ ಅತ್ಯುತ್ತಮ ಹೊತ್ತು ಅದು.

ಇಟಲಿಯಲ್ಲಿ ಪಾಸಿಗೆ ಕೆಲಸ ಕಡಿಮೆ. ಮಿಲಾನ್‌ನಿಂದ ವೆನಿಸ್‌ಗೆ ಎರಡೂವರೆ ಗಂಟೆ. ಫ್ರೆಚ್ಚಾರೊಸಾ ಅನ್ನುವ ವೇಗದ ರೈಲಿನಲ್ಲಿ ಪಾಸಿನ ಜೊತೆ ಸುಮಾರು 13 ಯೂರೋ ರಿಸರ್ವೇಶನ್ ಕೊಟ್ಟು, ಮೇಲೆ ಪಾಸಿನ ಒಂದು ದಿನವನ್ನೂ ಕಳೆಯಬೇಕು. ಅದೇ ಹಳಿಯಲ್ಲಿ ಓಡುವ ಇಟಾಲೋ ಅನ್ನುವ ಇನ್ನೊಂದು ಕಂಪನಿಯ ರೈಲಿನವರು ಪಾಸ್ ಒಪ್ಪುವುದೇ ಇಲ್ಲ. ಇವೆರಡರ ಪೈಪೋಟಿಯಿಂದ ಮೊದಲೇ ತೆಗೆದ ಟಿಕೆಟ್ ಅಗ್ಗ. ಹಾಂ, ಟಿಕೆಟ್ ವೆನೆಜಿಯಾ ಸಾಂತಾ ಲೂಚಿಯಾ ತನಕ ತೆಗೆಯಿರಿ. ಅದಕ್ಕೂ ಮುಂಚಿನ ಮೆಸ್ತ್ರೆ ನಿಲ್ದಾಣದಲ್ಲಿ ಇಳಿದರೆ ನೀರು ದಾಟಿರುವುದಿಲ್ಲ.

ವೆನಿಸ್‌ನಿಂದ ವಿಯೆನ್ನಾಕ್ಕೆ ರಾತ್ರಿ ಹೊರಡುವ ನೈಟ್‌ಜೆಟ್ ಒಂದು, ಹಗಲು ರೈಲು ಇನ್ನೊಂದು. ರಾತ್ರಿಯದಕ್ಕೆ ಪಾಸ್ ನಡೆಯುತ್ತದೆ, ಬರ್ತಿಗೆ ಬೇರೆ ಹಣ. ದಾರಿಯಲ್ಲಿ ರೈಲು ಬದಲಿಸದಿದ್ದರೆ ಹೊರಟ ದಿನ ಮಾತ್ರ ಲೆಕ್ಕಕ್ಕೆ ಬರುತ್ತದೆ, ಒಂದು ರಾತ್ರಿಯ ಹೋಟೆಲ್ ಖರ್ಚೂ ಉಳಿಯುತ್ತದೆ. ಹಗಲು ಹೋದರೆ 1854ರಲ್ಲಿ ಶುರುವಾದ ಸೆಮ್ಮರಿಂಗ್ ಬೆಟ್ಟದ ಹಳಿ, ಕಲ್ಲಿನ ಎತ್ತರದ ಸೇತುವೆಗಳು ಕಾಣುತ್ತವೆ. ನಿದ್ದೆ ಸೂಕ್ಷ್ಮ ಇರುವವರು, ವಯಸ್ಸಾದವರು ಜೊತೆಗಿದ್ದರೆ ಹಗಲೇ ಹೋಗಿ. ವಿಯೆನ್ನಾದಿಂದ ಪ್ರಾಗ್‌ಗೆ ನಾಲ್ಕು ಗಂಟೆ. ಟಿಕೆಟ್ ಎಷ್ಟು ಅಗ್ಗ ಅಂದರೆ ಪಾಸಿನ ದಿನ ಸುಮ್ನೆ ವ್ಯರ್ಥ.

ದುಡ್ಡಿನಾಚೆಗೂ ಎರಡು ವಿಷಯ ಇವೆ. ಬಿಡಿ ಟಿಕೆಟ್ ಹಿಡಿದ ಪ್ರವಾಸದಲ್ಲಿ ಒಂದು ರೈಲು ಗಂಟೆಗೂ ಮೀರಿ ತಡವಾಗಿ ಮುಂದಿನ ರೈಲು ತಪ್ಪಿತು. ಎರಡನ್ನೂ ಬೇರೆ ಬೇರೆ ಕಡೆ ಕೊಂಡಿದ್ದರಿಂದ ಎರಡನೆಯದಕ್ಕೆ ಹೊಸ ಟಿಕೆಟ್ ಬೇಕಾಯಿತು. ಪಾಸ್ ಇದ್ದರೆ ಮುಂದಿನ ರೈಲು ಹತ್ತಿಬಿಡಬಹುದಿತ್ತು. ಬಿಡಿ ಟಿಕೆಟ್ ತೆಗೆಯುವವರು ರೈಲು ಬದಲಿಸುವ ಪ್ರಯಾಣವನ್ನು ಸಾಧ್ಯವಾದಷ್ಟು ಒಂದೇ ಟಿಕೆಟ್ಟಿನಲ್ಲಿ ತೆಗೆಯಬೇಕು. ಆಗ ತಡವಾದರೆ ಮುಂದಕ್ಕೆ ಕಳಿಸುವ ಹೊಣೆ ರೈಲಿನವರದು.

ಇನ್ನೊಂದು ವಿಷಯ ವೀಸಾ. ಈ ದೇಶಗಳಿಗೆಲ್ಲ ಬೇಕಾದ ಷೆಂಗೆನ್ ವೀಸಾ ಕೈಗೆ ಬರುವ ಮುಂಚೆ ಅಗ್ಗದ ಟಿಕೆಟ್ ತೆಗೆದರೆ, ವೀಸಾ ಸಿಗದಿದ್ದಾಗ ಆ ದುಡ್ಡು ಹೋದಹಾಗೆ. ಯುರೇಲ್ ಪಾಸನ್ನು ಕೊಂಡ ಮೇಲೆ 11 ತಿಂಗಳೊಳಗೆ ಯಾವಾಗ ಬೇಕಾದರೂ ಶುರುಮಾಡಬಹುದು. ಶುರುಮಾಡದ ಪಾಸನ್ನು ಸ್ವಲ್ಪ ಹಣ ಮುರಿದುಕೊಂಡು ವಾಪಸ್ ತೆಗೆದುಕೊಳ್ಳುತ್ತಾರೆ. ರಿಯಾಯಿತಿ ಮಾರಾಟದಲ್ಲಿ ಕೊಂಡಿದ್ದರೆ ಮಾತ್ರ ಅದರ ನಿಯಮ ಮೊದಲೇ ಓದಿಕೊಳ್ಳಿ. ಜೊತೆಯಲ್ಲಿ 4ರಿಂದ 11 ವರ್ಷದ ಮಕ್ಕಳಿದ್ದರೆ ದೊಡ್ಡವರ ಪಾಸಿನ ಜೊತೆ ಅವರ ಪಾಸ್ ಉಚಿತ. ಇಬ್ಬರು ಚಿಕ್ಕ ಮಕ್ಕಳಿರುವ ಮನೆಗೆ ನಾನು ಮೇಲೆ ಹೇಳಿದ ಲೆಕ್ಕ ಪೂರ್ತಿ ಬದಲಾಗಬಹುದು, ರಿಸರ್ವೇಶನ್ ಹಣ ಮಾತ್ರ ಮಕ್ಕಳಿಗೂ ಸೇರಿಸಿಕೊಳ್ಳಿ.